ತಿಳಿಸಾರು ಮತ್ತು ಚಲನೆಯ ಮೊದಲ ನಿಯಮ

ಕೋವಿಡ್ ಮುಗಿದು ತರಗತಿಗಳು ಮತ್ತೆ ಬಾಗಿಲು ತೆರೆದ ವರ್ಷ. ನಾನಾಗ ಸ್ಯಾನ್ ಹೊಸೆಯ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ, ನಿವೃತ್ತಿ ಹತ್ತಿರದಲ್ಲಿತ್ತು. ಇಂಥ ಕಾಲೇಜಿನಲ್ಲಿ ವಯಸ್ಸು ಕೇಳುವವರಿಲ್ಲ. ಹದಿನೆಂಟರ ಹುಡುಗರ ಪಕ್ಕದಲ್ಲೇ ಅವರ ತಾಯಂದಿರ ವಯಸ್ಸಿನವರೂ ಕೂರುತ್ತಾರೆ.

ಹಾಗೆ ಕೂತವಳು ಉಡುಪಿಯ ಶೋಭಾ. ಕ್ಲಿನಿಕ್ಕೊಂದರಲ್ಲಿ ಫೋನೆತ್ತಿ ಫೋನೆತ್ತಿ ಸಾಕಾಗಿ, ಫಿಸಿಕಲ್ ಥೆರಪಿ ಅಸಿಸ್ಟೆಂಟ್ ಆಗಲು ಹೊರಟಿದ್ದಳು. ಆ ತರಬೇತಿಗೆ ಸೇರಲು ನನ್ನ ವಿಷಯದಲ್ಲಿ ‘ಬಿ’ ಗ್ರೇಡು ಬೇಕೇ ಬೇಕು. ಹಿಂದೊಮ್ಮೆ ಮುಗ್ಗರಿಸಿದ್ದಳು. ಈ ಸಲವೂ ತಪ್ಪಿದರೆ ಆ ಆಸೆಗೆ ಎಳ್ಳುನೀರು ಬಿಡುತ್ತೇನೆ ಎಂದಿದ್ದಳು.

ಸೂತ್ರಗಳೆಲ್ಲ ಅವಳಿಗೆ ಬಾಯಿಪಾಠ. ಎಡವುತ್ತಿದ್ದುದು ಚಿತ್ರದಲ್ಲಿ. ಒಂದು ವಸ್ತುವಿನ ಮೇಲೆ ಯಾವ ಯಾವ ಬಲಗಳಿವೆಯೋ ಅಷ್ಟಕ್ಕೇ ಬಾಣ ಹಾಕಬೇಕು; ಅದನ್ನು ಫ್ರೀ ಬಾಡಿ ಡಯಾಗ್ರಾಂ ಎನ್ನುತ್ತೇವೆ. ಶೋಭಾ ಮಾತ್ರ ಚಲಿಸುವ ವಸ್ತು ಕಂಡರೆ ಸಾಕು, ಮುಂದಕ್ಕೊಂದು ಬಾಣ ಹೊಡೆಯುತ್ತಿದ್ದಳು.

“ಇದನ್ನ ಯಾರಮ್ಮ ತಳ್ತಿರೋದು?”

“ಹೋಗ್ತಾ ಉಂಟಲ್ಲ ಮೇಡಂ, ಯಾರಾದ್ರೂ ದೂಡ್ಲೇಬೇಕಲ್ಲ?”

ನನಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು.

ಫೈನಲ್ ಪರೀಕ್ಷೆ ಹತ್ತಿರವಾದಾಗ ಸ್ಯಾನ್ ರಮೋನಿನಲ್ಲಿ ನಮ್ಮ ಕನ್ನಡಿಗರ ಯುಗಾದಿ ಪಾಟ್‌ಲಕ್ಕು ಬಂತು. ಹಬ್ಬ ಕಳೆದು ವಾರಗಳಾದ ಮೇಲೆ, ಹಾಲ್ ಸಿಕ್ಕ ಶನಿವಾರ ನಡೆಯುವ ಯುಗಾದಿ ಅದು, ಮನೆಗೊಂದು ಅಡುಗೆ. ನನ್ನ ಕಾರು ರಿಪೇರಿಗೆ ಹೋಗಿದ್ದರಿಂದ ಶೋಭಾ ತನ್ನ ಕಾರಿನಲ್ಲಿ ಕರೆದೊಯ್ದಳು. ಹಿಂದಿನ ಸೀಟಿನ ತುಂಬ ಮಡಿಸುವ ಕುರ್ಚಿಗಳು. ಅವಳ ತಿಳಿಸಾರಿನ ಪಾತ್ರೆ ನನ್ನ ಮಡಿಲಿಗೆ ಬಂತು. ಪಾತ್ರೆ ತುಂಬದಿದ್ದರೆ ನಾಲ್ಕು ಜನ ಏನಂದಾರೆಂದು ಕಂಠಮಟ್ಟ ತುಂಬಿಸಿ, ಮೇಲೆ ಬರೀ ಫಾಯಿಲ್ ಮುಚ್ಚಿದ್ದಳು. ಸದ್ಯ, ಸಾರು ಆರಿತ್ತು.

680 ಫ್ರೀವೇಯಲ್ಲಿ ಮುಂದಿನ ಗಾಡಿಗಳು ಗಕ್ಕನೆ ನಿಂತವು. ಶೋಭಾ ಬ್ರೇಕು ಒತ್ತಿದಳು. ಸಾರು ಫಾಯಿಲ್ ಹಾರಿಸಿ ಡ್ಯಾಶ್‌ಬೋರ್ಡಿಗೆ ಅಭಿಷೇಕ ಮಾಡಿತು. ಸಾಲು ಕರಗುತ್ತಲೇ ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತಿದಳು. ಈ ಸಲ ಅಭಿಷೇಕ ನನ್ನ ಮೈಸೂರು ರೇಷ್ಮೆಗೆ.

ಸಿಟ್ಟು ನೆತ್ತಿಗೇರಿತು. ಎಕ್ಸಿಟ್ ತೆಗೆದುಕೊಂಡು ಕಾರು ನಿಲ್ಲಿಸಿದ ಮೇಲೆ, ಹಾಳು ಮೇಷ್ಟ್ರ ಬುದ್ಧಿ, ಬೈಯುವ ಬದಲು ಪ್ರಶ್ನೆ ಕೇಳಿದೆ: “ಸಾರನ್ನ ಮುಂದಕ್ಕೆ ತಳ್ಳಿದ್ದು ಯಾರು?”

ಟಿಶ್ಯೂವಿನಲ್ಲಿ ಡ್ಯಾಶ್‌ಬೋರ್ಡು ಒರೆಸುತ್ತಿದ್ದವಳು ತಲೆಯೆತ್ತಿದಳು. “ಯಾರೂ ದೂಡ್ಲಿಲ್ಲ. ಅದು ಹೋಗ್ತಾ ಇತ್ತು. ಕಾರಿಗೆ ಬ್ರೇಕ್ ಉಂಟು, ಸಾರಿಗೆಂತ ಉಂಟು?”

“ಆಮೇಲೆ ಹಿಂದಕ್ಕೆ ಬಂತಲ್ಲ?”

“ಅದು ಹಿಂದೆ ಬರ್ಲಿಲ್ಲ ಮೇಡಂ. ನೀವು ಮುಂದೆ ಬಂದ್ರಿ!”

ಸೀರೆಯ ದುಃಖ ಮರೆತೇಹೋಯಿತು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅರ್ಧ ಪಾತ್ರೆ ಸಾರಿನೊಂದಿಗೆ ಹಾಲ್ ತಲುಪಿದಾಗ ಅವಳು ಸಂಕೋಚಪಡಲೂ ಇಲ್ಲ.

ಫೈನಲ್‌ನಲ್ಲಿ ಘರ್ಷಣೆಯಿಲ್ಲದ ಮಂಜುಗಡ್ಡೆಯ ಮೇಲೆ ಜಾರುವ ಬಿಲ್ಲೆಯ ಚಿತ್ರ ಕೇಳಿದ್ದೆ. ಶೋಭಾ ಎರಡೇ ಬಾಣ ಹಾಕಿದ್ದಳು: ತೂಕ ಕೆಳಕ್ಕೆ, ನೆಲದ ಒತ್ತು ಮೇಲಕ್ಕೆ. ಮುಂದಕ್ಕೆ ಏನೂ ಇಲ್ಲ. ಅವಳಿಗೆ ‘ಬಿ’ ಬಂತು. ನನಗೇ ಬಂದಷ್ಟು ಸಂತೋಷಪಟ್ಟೆ.

ಕಳೆದ ವರ್ಷ ನನ್ನ ಮೊಣಕಾಲಿಗೆ ಆಪರೇಷನ್ ಆಯಿತು. ನನ್ನನ್ನು ಮತ್ತೆ ನಡೆದಾಡಿಸಲು ಬಂದವಳು ಶೋಭಾ, ಥೆರಪಿಯವರ ನೀಲಿ ಸಮವಸ್ತ್ರದಲ್ಲಿ. ನೋವು, ನಾಳೆ ನೋಡೋಣ ಎಂದು ನಾನು ಹಟ ಹಿಡಿದೆ. ಅವಳು ವಾಕರ್ ಮುಂದಿಟ್ಟಳು.

“ನಿಂತ ವಸ್ತು ನಿಂತೇ ಇರ್ತದೆ, ಯಾರಾದ್ರೂ ದೂಡುವವರೆಗೆ. ನೀವೇ ಹೇಳಿದ್ದಲ್ವಾ ಮೇಡಂ? ಏಳಿ.”

ಮೇಷ್ಟ್ರಾದವರು ಚೆನ್ನಾಗಿಯೇ ಕಲಿಸಬೇಕು; ಪಾಠ ಯಾವತ್ತು ನಮ್ಮ ಮೇಲೆಯೇ ಪ್ರಯೋಗವಾಗುತ್ತದೋ ಹೇಳಲಾಗದು. ವೃತ್ತಿ ನನಗೆ ಕಲಿಸಿದ್ದು ಇಷ್ಟು.

ಎದ್ದೆ.