ಉತ್ತಮ ಪುರುಷನ ಗಡೀಪಾರು

ನನ್ನ ಸೋದರಮಾವ ಮೂವತ್ತು ವರ್ಷ ಶಾಲೆಯಲ್ಲಿ ವ್ಯಾಕರಣ ಕಲಿಸಿದರು. ಅಂಗಡಿಯ ಬೋರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೂ ಆ ಅಂಗಡಿ ಹತ್ತುತ್ತಿರಲಿಲ್ಲ. ಹಾಗಾಗಿ ಅತ್ತೆ ಒಂದು ಸೋಪಿಗೆ ಎರಡು ಬೀದಿ ದಾಟಿ ಹೋಗಬೇಕಿತ್ತು. ಮನುಷ್ಯ ಕೆಟ್ಟವರಲ್ಲ. ಆದರೆ ತಲೆಯೊಳಗೆ ಹುಳ ಹೊಕ್ಕಿತೆಂದರೆ ಅದಕ್ಕೆ ಅನ್ನ ಹಾಕಿ ಸಾಕುತ್ತಿದ್ದರು.

ನಾನು ಆರನೇ ತರಗತಿಯಲ್ಲಿ ಅವರ ಕೈಗೆ ಸಿಕ್ಕ ವರ್ಷ ಮಕ್ಕಳಿಗೆ ವಿನಯ ಕಲಿಸಬೇಕೆಂದು ಸುತ್ತೋಲೆ ಬಂತು. ಹೇಗೆಂದು ಅದರಲ್ಲಿ ಬರೆದಿರಲಿಲ್ಲ. ಉಳಿದ ಮೇಷ್ಟ್ರುಗಳು ಸಹಿ ಹಾಕಿ ಕೈತೊಳೆದುಕೊಂಡರು. ಮಾವ ಎರಡು ದಿನ ಯೋಚಿಸಿ, ರೋಗದ ಬೇರು ವ್ಯಾಕರಣದಲ್ಲೇ ಇದೆ ಎಂದು ಪತ್ತೆ ಹಚ್ಚಿದರು.

"ಅವನು, ಅವಳು ಅನ್ನೋದು ಪ್ರಥಮ ಪುರುಷ. ನೀನು ಅನ್ನೋದು ಮಧ್ಯಮ ಪುರುಷ. ನಾನು ಅನ್ನೋದು?"

"ಉತ್ತಮ ಪುರುಷ ಸಾರ್!" ಎಂದು ಕಿರುಚಿದೆವು.

"ನೋಡಿದ್ರಾ? ನೀವೆಲ್ಲ ಮಧ್ಯಮ, ನಾನೊಬ್ಬ ಉತ್ತಮ! ಸೊಕ್ಕು ಬರದೆ ಇನ್ನೇನ್ ಬರುತ್ತೆ?"

ಆ ಗಳಿಗೆಯಿಂದ ನಮ್ಮ ತರಗತಿಯಲ್ಲಿ 'ನಾನು' ನಿಷೇಧ. ನಮಗೇನು ಕಷ್ಟ? 'ಬಂದೆ', 'ತಿಂದೆ', 'ಗೆದ್ದೆ' ಎಂದರೆ ಸಾಕು, 'ನಾನು' ಬೇಕಾಗಿಯೇ ಇಲ್ಲ. ಮಾವ ಅದನ್ನೂ ಹಿಡಿದರು. "ಕಳ್ಳ ಬಾಲದಲ್ಲಿ ಅಡಗಿ ಕೂತಿದ್ದಾನೆ" ಎಂದು ಕ್ರಿಯಾಪದದ ಬಾಲವನ್ನೂ ಕತ್ತರಿಸಿದರು.

ಹಾಜರಿ ಕರೆದರೆ "ಬಂದಾಗಿದೆ ಸಾರ್" ಎನ್ನತೊಡಗಿದೆವು. ನನ್ನ ಪಕ್ಕದಲ್ಲಿ ಕೂರುತ್ತಿದ್ದ, ಎಲ್ಲರೂ ಗುಂಡಿ ಎಂದು ಕರೆಯುತ್ತಿದ್ದ ಹುಡುಗಿ ಒಂದು ದಿನ ಕಾಲು ಕಾಲು ಹೆಣೆದುಕೊಂಡು ಎದ್ದಳು.

"ಸಾರ್, ಹೊರಗೆ ಹೋಗ್ಬೇಕಂತೆ."

"ಯಾರಿಗೆ?"

"ಗೊತ್ತಿಲ್ಲ ಸಾರ್. ಆದ್ರೆ ತುಂಬಾ ಅರ್ಜೆಂಟಂತೆ."

ಮಾವ ಕಣ್ಣು ತುಂಬಿಕೊಂಡು ಅನುಮತಿ ಕೊಟ್ಟರು. ಇಷ್ಟು ವಿನಯವನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ.

ಮಾವನ ಮನೆಯಲ್ಲೂ ಇದೇ ಪಾಡು. "ಚಹಾ ಬೇಕಾಗಿದೆ" ಎನ್ನುವರು. "ಯಾರಿಗ್ರೀ?" ಎನ್ನುವಳು ಅತ್ತೆ. ಮಾವ ಗೋಡೆ ನೋಡುವರು. "ಯಾರಿಗೂ ಬೇಡ್ವಾ? ಹಾಗಾದ್ರೆ ನಾನೇ ಕುಡೀತೀನಿ" ಎಂದು ಅತ್ತೆ ಅವರ ಎದುರೇ ಸೊರ್ರನೆ ಹೀರುವಳು.

ಒಂದು ತಿಂಗಳಲ್ಲಿ ನಮ್ಮ ತರಗತಿಯಲ್ಲಿ ತಪ್ಪು ಮಾಡುವವರೇ ಇಲ್ಲವಾದರು. ಲೆಕ್ಕ ತಾನಾಗಿ ತಪ್ಪುತ್ತಿತ್ತು. ಶಾಯಿ ತಾನಾಗಿ ಚೆಲ್ಲುತ್ತಿತ್ತು. ನನ್ನ ಜಡೆ ದಿನಕ್ಕೆ ನಾಲ್ಕು ಸಲ 'ಎಳೆಯಲ್ಪಡುತ್ತಿತ್ತು'. ಎಳೆದವರು ಮಾತ್ರ ಸಿಗುತ್ತಿರಲಿಲ್ಲ. ಸುದ್ದಿ ಮೇಲಿನವರೆಗೂ ಹೋಗಿ, ನಮ್ಮ ವಿನಯವನ್ನು ಕಣ್ಣಾರೆ ನೋಡಲು ಅಧಿಕಾರಿಯೊಬ್ಬರು ಬರುತ್ತಾರೆಂದು ಗೊತ್ತಾಯಿತು.

ಅವರು ಬರುವ ಹಿಂದಿನ ದಿನ ಬೆಳಿಗ್ಗೆ ನೋಟ್‌ಬುಕ್ ಕಟ್ಟು ಇಡಲು ಟೀಚರುಗಳ ಕೋಣೆಗೆ ಹೋದೆ. ಮಾವ ಒಬ್ಬರೇ ಬೀರುವಿನ ಕನ್ನಡಿಯ ಮುಂದೆ ನಿಂತು ಅಧಿಕಾರಿಗೆ ನಮಸ್ಕಾರ ಮಾಡುವುದನ್ನು ಅಭ್ಯಾಸ ಮಾಡುತ್ತಿದ್ದರು. ಒಂದೊಂದು ಸಲಕ್ಕೂ ಇನ್ನಷ್ಟು ಬಗ್ಗುತ್ತಿದ್ದರು. ನಾಲ್ಕನೆಯ ಸಲ ಅವರ ಹಿಂಭಾಗ ಮೇಜಿನ ಮೇಲಿದ್ದ ಗ್ಲೋಬಿಗೆ ತಾಗಿತು. ಶಾಲೆಗಿದ್ದ ಒಂದೇ ಒಂದು ಗ್ಲೋಬು ನೆಲಕ್ಕೆ ಬಿದ್ದು ನಡುವಿಗೆ ಎರಡು ಹೋಳಾಯಿತು. ಮಾವ ಮೇಲಿನ ಹೋಳನ್ನು ಕೆಳಗಿನದರ ಮೇಲೆ ಟೋಪಿಯಂತೆ ಕೂರಿಸಿ, ನನ್ನನ್ನೊಮ್ಮೆ ನೋಡಿ ಹೊರಟುಹೋದರು.

ಮಧ್ಯಾಹ್ನ ಹೆಡ್ ಮೇಡಂ ಅರ್ಧ ಭೂಮಿಯನ್ನು ಕೈಯಲ್ಲಿ ಹಿಡಿದು ನಮ್ಮ ತರಗತಿಗೆ ನುಗ್ಗಿದರು. ಹಿಂದೆ ಕಸ ಗುಡಿಸುವ ಆಯಾ, ಅತ್ತು ಮುಖವೆಲ್ಲ ಊದಿತ್ತು.

"ಸಾರ್, ಬೆಳಿಗ್ಗೆ ಮೊದ್ಲು ಬಂದಿದ್ದು ನೀವು ಮತ್ತೆ ಇವಳು. ಇವಳನ್ನ ನಾಳೆಯಿಂದ ಬರಬೇಡ ಅಂದಿದ್ದೀನಿ. ನೀವೇನಾದ್ರೂ ನೋಡಿದ್ರಾ?"

"ಒಡೆದುಹೋಗಿದೆ" ಎಂದರು ಮಾವ.

"ಅದು ಕಾಣ್ತಿದೆ. ಒಡೆದಿದ್ದು ಯಾರು?"

"ಒಡೆಯಲ್ಪಟ್ಟಿದೆ."

"ನಾನಲ್ಲಮ್ಮ, ನಾನು ಮುಟ್ಟೇ ಇಲ್ಲ" ಎಂದಳು ಆಯಾ. ಇಡೀ ತರಗತಿ ಬೆಚ್ಚಿತು. ತಿಂಗಳಿಂದ ಅಲ್ಲಿ ಆ ಪದ ಕೇಳಿರಲಿಲ್ಲ. ಹೇಳಿದರೆ ಮಾವನ ಮಾನ ಹೋಗುತ್ತದೆ, ಹೇಳದಿದ್ದರೆ ಇವಳ ಅನ್ನ ಹೋಗುತ್ತದೆ. ನಾನು ಬಾಯಿ ಬಿಡಲಿಲ್ಲ. ಇವತ್ತಿಗೂ ಅದಕ್ಕೆ ನಾಚುತ್ತೇನೆ.

ಮಾವ ಆಯಾಳ ಮುಖ ನೋಡಿದರು. "ಮೇಡಂ, ಒಡೆದಿದ್ದು… ಉತ್ತಮ ಪುರುಷ, ಏಕವಚನ" ಎಂದರು.

"ಇದು ನಿಮ್ಮನ್ನ ನೀವು ಹೊಗಳಿಕೊಳ್ಳೋ ಹೊತ್ತಾ ಸಾರ್?" ಎಂದು ಮೇಡಂ ಕೆರಳಿದರು.

"ಅಲ್ಲ ಮೇಡಂ. ನಾನು. ನನ್ನ ಅಂಡು ತಾಗಿತು… ಅಲ್ಲ, ನಾನು ತಾಗಿಸಿದೆ. ಅದು ಬಿತ್ತು… ಅಲ್ಲ, ನಾನು ಬೀಳಿಸಿದೆ."

ಒಬ್ಬರೂ ನಗಲಿಲ್ಲ. 'ಅಂಡು' ಎಂದಾಗಲೂ ನಗಲಿಲ್ಲ. ಮೇಡಂ ಕೈಯಲ್ಲಿದ್ದ ಅರ್ಧ ಗ್ಲೋಬನ್ನು ಮೇಜಿನ ಮೇಲಿಟ್ಟು, "ನಾಳೆ ಬಾ" ಎಂದು ಆಯಾಗೆ ಹೇಳಿ ಹೊರಟರು. ಆಯಾ ಹೋಗಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು ಮಾವನ ಮೇಜಿನ ಹತ್ತಿರ ಬಂದಳು.

"ಬೆಳಿಗ್ಗೆಯಿಂದ ಒಂದು ತುತ್ತು ಇಳಿದಿಲ್ಲ ಮೇಷ್ಟ್ರೇ ನಂಗೆ. ಆವಾಗ್ಲೇ ಹೇಳ್ಬಹುದಿತ್ತಲ್ಲ?"

"ಹೇಳಬಹುದಿತ್ತು" ಎಂದರು ಮಾವ. ಆಯಾ ಅಲುಗಾಡದೆ ನಿಂತಿದ್ದಳು. ಮಾವ ಕನ್ನಡಕ ತೆಗೆದರು.

"ನಾನು ಹೇಳ್ಲಿಲ್ಲ. ಹೆದರಿದ್ದೆ ಕಣಮ್ಮ."