ಬಿಳಿ ಸೀರೆಯ ಫೋಟೋ

ನಂಬಿದ್ರೆ ನಂಬಿ, ಬಿಟ್ರೆ ಬಿಡಿ: ಯಲಹಂಕದ ಸುತ್ತಮುತ್ತ ಹೈ-ಕೀ ಫೋಟೋ ಮೊದಲು ತೆಗೆದವನು ನಾನೇ. ಹೈ-ಕೀ ಅಂದ್ರೆ ಬಿಳಿ ಹಿನ್ನೆಲೆ, ಬಿಳಿ ಬಟ್ಟೆ, ಮುಖದ ಮೇಲೆ ನೆರಳೇ ಬೀಳದಷ್ಟು ಬೆಳಕು. ಹಳ್ಳಿಯಿಂದ ಬಂದವನಿಗೆ ಯಾರು ಕಲಿಸಿದ್ರು ಅಂತೀರಾ? ಯಾರೂ ಇಲ್ಲ, ನಾನೇ ಕಲಿತೆ.

ಅಟ್ಟೂರಿನಿಂದ ಬಸುರಿ ಹೆಣ್ಣುಮಗಳೊಬ್ಬಳು ಅತ್ತೆಯ ಜೊತೆ ಸ್ಟುಡಿಯೋಗೆ ಬಂದಳು. ಬಿಳಿ ಸೀರೆ ಉಟ್ಕೊಂಡು ಬನ್ನಿ ಅಂತ ನಾನೇ ಫೋನಲ್ಲಿ ಹೇಳಿದ್ದೆ. ಬೆಳಕು ಜಾಸ್ತಿಯೇ ಕೊಟ್ಟು ತೆಗೆದೆ, ಹೆಮ್ಮೆಯಿಂದ ಕಂಪ್ಯೂಟರಲ್ಲಿ ತೋರಿಸಿದೆ. ಆ ಬೆಳಕಿಗೆ ಹಣೆಯ ಸಣ್ಣ ಕುಂಕುಮ ಮಾಯವಾಗಿತ್ತು. ತಾಳಿ ಸೆರಗಿನೊಳಗಿತ್ತು.

"ಏನ್ಲಾ ಇದು? ನನ್ ಮಗ ಚೆನ್ನಾಗವ್ನೆ ಕಣ್ಲಾ!" ಅಂದರು ಅತ್ತೆ. ತಕ್ಷಣ ಮಗನಿಗೆ ಫೋನ್ ಮಾಡಿದರು. ಅವನು ಟ್ಯಾಕ್ಸಿ ಓಡಿಸೋನು. ಎತ್ತಲಿಲ್ಲ. ಮತ್ತೆ ಮಾಡಿದರು, ಆಗಲೂ ಎತ್ತಲಿಲ್ಲ. ಸೊಸೆ ಹೊಟ್ಟೆ ಹಿಡ್ಕೊಂಡು ಕೂತುಬಿಟ್ಟಳು. ಊರಲ್ಲಿ ಹೋರಿ ಹಿಡಿದವನು ನಾನು, ಅವತ್ತು ಕ್ಯಾಮೆರಾ ಕೆಳಗಿಟ್ಟು ಕೈ ಮುಗಿದೆ. ನಮ್ಮೂರ ದೇವರಿಗೆಲ್ಲ ಹರಕೆ ಹೊತ್ತೆ.

ಕೊನೆಗೆ ಅವನೇ ಫೋನ್ ಮಾಡಿದ. "ಹೆಬ್ಬಾಳದ ಟ್ರಾಫಿಕ್ಕಲ್ಲಿದ್ದೆ ಕಣವ್ವ, ಯಾಕೆ?"

"ಏನಿಲ್ಲ ಮಗ, ಉಂಡ್ಯಾ ಅಂತ ಕೇಳಕ್ಕೆ," ಅಂದು ಕಣ್ಣೊರೆಸಿಕೊಂಡರು.

ಆಮೇಲೆ ಚೀಲದಿಂದ ಡಬ್ಬಿ ತೆಗೆದು ಸೊಸೆಯ ಹಣೆಗೆ ಕಾಸಿನಗಲ ಕುಂಕುಮ ಇಟ್ಟರು. "ಈಗ ತೆಗೀಲಾ, ಇದನ್ನೂ ಅಳಿಸ್ತೀಯೇನೋ ನೋಡಾನ." ಅಷ್ಟು ಬಿಳಿಯ ನಡುವೆ ಅದೊಂದೇ ಕೆಂಪು. ಅಂಥ ಫೋಟೋ ಬೇರೆ ಯಾರೂ ತೆಗೆದಿಲ್ಲ ಬಿಡಿ.

ಹೋಗುವಾಗ ಅವರು ಆ ಕುಂಕುಮದ ಡಬ್ಬಿಯನ್ನು ನನಗೇ ಕೊಟ್ಟು ಹೋದರು.