ಏಳು ಮತ್ತು ಎಂಟನೆಯ ತಂತಿ

ಮೊನ್ನೆ ನಮ್ಮ ಫ್ರಿಜ್ಜಿನ ದೀಪ ಕೆಟ್ಟಿತ್ತು. ರಿಪೇರಿಯವನು ಬಾಗಿಲ ಅಂಚಿನ ಪುಟ್ಟ ಸ್ವಿಚ್ಚು ಬದಲಿಸಿ, ತಂತಿಗೆ ಪ್ಲಾಸ್ಟಿಕ್ ಕೊಳವೆ ಏರಿಸಿ ಬಿಸಿ ತಾಗಿಸಿದ. ಆ ವಾಸನೆಗೆ ಹಿಂದೆ ಬೀದರಿನಲ್ಲಿದ್ದ ಎದುರು ಮನೆಯವಳು ನೆನಪಾದಳು… ಮೊಮ್ಮಕ್ಕಳೇ, ಇದನ್ನು ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಬೀದರಿನಲ್ಲಿ ವಿಮಾನ ರಿಪೇರಿಯ ಶೆಡ್ಡಿನಲ್ಲಿದ್ದರು. ಅವಳೂ ಅಲ್ಲೇ ಕೆಲಸಕ್ಕೆ ಸೇರಿದ್ದಳು. ಭಾತಂಬ್ರಾ ಹಳ್ಳಿಯವಳು, ಭಾಲ್ಕಿಯಲ್ಲಿ ಐಟಿಐ ಓದಿದವಳು. ನನ್ನದು ಔರಾದ್ ಕಡೆಯ ಹಳ್ಳಿ ಶಾಲೆಯ ಏಳನೆಯ ತರಗತಿ. ವಿಮಾನದ ಬಾಗಿಲು ಮುಚ್ಚಿದೆಯೇ, ಗಾಲಿ ಪೂರ್ತಿ ಇಳಿದಿದೆಯೇ ಎಂದು ತಿಳಿಯಲು ಅಲ್ಲಲ್ಲಿ ಸಣ್ಣ ಸ್ವಿಚ್ಚುಗಳಿರುತ್ತವೆ. ಅವುಗಳ ತಂತಿಗಳು ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ಸೇರುತ್ತವೆ, ಪೈಲಟ್ ಮುಂದೆ ದೀಪ ಹತ್ತುತ್ತದೆ. ಇಷ್ಟೂ ನಾನು ಕಲಿತದ್ದು ಸಂಜೆ ಅವರಿಬ್ಬರ ಮಾತನ್ನು ಅಡುಗೆಮನೆಯಿಂದ ಕದ್ದು ಕೇಳಿ. ನನ್ನೊಡನೆ ಉಪ್ಪು ಖಾರದ ಮಾತಷ್ಟೇ ಆಡುವ ಮನುಷ್ಯ ಅವಳ ಮುಂದೆ ಕೈಯಾಡಿಸಿ ನಗುತ್ತಿದ್ದರು. ಚಹಾ ಕೊಟ್ಟು ಒಳಗೆ ಬರುವಷ್ಟರಲ್ಲಿ ನನ್ನ ಹೊಟ್ಟೆ ಉರಿಯುತ್ತಿತ್ತು. ಅವಳು ಅವರನ್ನು ಅಣ್ಣ, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದಳು. ಅದರಿಂದ ಉರಿಯೇನೂ ಕಡಿಮೆಯಾಗಲಿಲ್ಲ.

ಅವಳ ಕೆಲಸ ಕಾಯಂ ಆಗಲು ಒಂದು ಪರೀಕ್ಷೆಯಿತ್ತು. ಹಲಗೆಯ ಮೇಲೆ ಹತ್ತು ಸ್ವಿಚ್ಚು, ಹತ್ತು ದೀಪ ಜೋಡಿಸಿ ಸಾಹೇಬರಿಗೆ ತೋರಿಸಬೇಕು. ತಪ್ಪಿದರೆ ಊರಿಗೆ ವಾಪಸು. ಎದುರು ಮನೆಯಲ್ಲಿ ಅವಳ ಬಾಡಿಗೆ ಕೋಣೆ ಇಕ್ಕಟ್ಟೆಂದು ಹಲಗೆ ನಮ್ಮ ಪಡಸಾಲೆಗೆ ಬಂತು. ಪ್ರತಿ ತಂತಿಯ ತುದಿಗೂ ಅಂಕಿ ಬರೆದ ಬಿಳಿ ಕೊಳವೆ ತೊಡಿಸಿದ್ದಳು, ಕೂಸಿಗೆ ಬಳೆ ತೊಡಿಸಿದ ಹಾಗೆ. ದೀಪದ ಕಡೆ ಬಿಗಿದು, ಕೊಳವೆಗೆ ಬಿಸಿ ತಾಗಿಸಿ ಗಟ್ಟಿ ಮಾಡುವುದಷ್ಟೇ ಬಾಕಿ. ಅವಳು ಊಟಕ್ಕೆ ಹೋದಾಗ ನಾನು ಆ ತುದಿಯ ಏಳು, ಎಂಟರ ಕೊಳವೆಗಳನ್ನು ಅದಲು ಬದಲು ಮಾಡಿದೆ.

ಬಂದು ಅಂಕಿ ನೋಡಿ ಬಿಗಿದಳು. ಆಮೇಲೆ ನನ್ನನ್ನೇ ಕರೆದಳು.

"ವೈನಿ, ನೀವು ಸ್ವಿಚ್ ಒತ್ರಿ, ನಾ ದೀಪ ನೋಡ್ತೇನಿ."

"ನನಗೇನ್ ತಿಳಿತದವ್ವಾ ಇದರಾಗ?"

"ತಿಳಿಯೋದು ಬ್ಯಾಡ್ರಿ. ಒತ್ತೋರು ಬ್ಯಾರೆ, ನೋಡೋರು ಬ್ಯಾರೆ ಇರಬೇಕು. ಒಬ್ಬರೇ ಮಾಡಿದ್ರ ಕಣ್ಣು ಮೋಸ ಮಾಡ್ತದ. ವಿಮಾನದಾಗೂ ಹಾಂಗೇ."

ಒಂದನೆಯದು ಒತ್ತಿದೆ. "ಬಂತ್ರಿ" ಎಂದಳು. ಆರರವರೆಗೂ ಬಂತ್ರಿ, ಬಂತ್ರಿ. ಏಳನ್ನು ಒತ್ತಿದಾಗ ಎಂಟರ ದೀಪ ಹತ್ತಿತು. ಕೊಳವೆಗಳನ್ನು ಹಿಡಿದು ತಿರುಗಿಸಿ ನೋಡಿದಳು. ಬಿಳಿಯ ಮೇಲೆ ನನ್ನ ಬೆರಳಿನ ಅರಿಶಿನ ಅಂಟಿತ್ತು. ಒಂದು ಗಳಿಗೆ ನನ್ನ ಕೈ ನೋಡಿದಳು, ನಂತರ ದುಪಟ್ಟಾದ ಚುಂಗಿನಿಂದ ಅರಿಶಿನ ಒರೆಸಿದಳು.

"ಕೊಳವಿ ಸಡ್ಲ ಇದ್ದವ್ರಿ. ಮತ್ತ ಒಂದರಿಂದ ಒತ್ರಿ, ವೈನಿ."

ಅವಳು ಪಾಸಾದಳು. ವೈನಿಯೇ ಕೂತು ತಪಾಸಣೆ ಮಾಡಿಸಿದರೆಂದು ಶೆಡ್ಡಿನಲ್ಲೆಲ್ಲ ಹೇಳಿದಳಂತೆ. ಅಂದು ನಿಮ್ಮ ಅಜ್ಜ ಮನೆಗೆ ಬಂದು, ಅವಳ ಮುಂದೆ ನಗುವ ಆ ನಗುವನ್ನು ನನ್ನ ಮುಂದೆಯೂ ನಕ್ಕರು. ಅದನ್ನು ಕೊಡಿಸಿದವಳೂ ಅವಳೇ ಎಂದು ಮತ್ತೆ ಹೊಟ್ಟೆಕಿಚ್ಚು…

ಮುಂದೆ ಮದುವೆಯಾಗಿ ಭಾಲ್ಕಿಗೆ ಹೋದಳು. ಅಜ್ಜ ತೀರಿಕೊಂಡಾಗ ಬಂದು, ನನಗೆ ಗೊತ್ತೇ ಇಲ್ಲದ ಅವರ ಮಾತುಗಳನ್ನು ನೆನೆದು ಅತ್ತಳು. ಆಗಲೂ ನಾನು ಅರಿಶಿನದ ಮಾತು ಎತ್ತಲಿಲ್ಲ. ಹೋದ ವರ್ಷ ಅವಳೂ ತೀರಿಹೋದಳು.

ಮೊನ್ನೆ ಕೆಲಸ ಮುಗಿಸಿ ರಿಪೇರಿಯವನು, "ಅಜ್ಜಿ, ಬಾಗಿಲು ತೆಗೆದು ನೋಡ್ರಿ" ಎಂದ. ತೆಗೆದೆ, ದೀಪ ಹತ್ತಿತು. "ಬಂತ್ರಿ" ಎಂದು ನಾನೇ ಮೆಲ್ಲಗೆ ಅಂದೆ. ನೋಡಿ ಹೇಳುವವಳು ಬೇರೆ ಇರಬೇಕಿತ್ತು.